ತಂಗಿ ಎಲ್ಲಿ ಹೋದ್ಳು ಟೀಚರ್?

ಸೋಮವಾರ ಕ್ಲಾಸಿನಲ್ಲಿ ಒಬ್ಬಳು ಕೇಳಿದ ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ‘ಹಾಗಾದ್ರೆ ತಂಗಿ ಎಲ್ಲಿ ಹೋದ್ಳು ಟೀಚರ್?’

ಪಾಠ ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್‌ನ ಡ್ಯಾಫೋಡಿಲ್ಸ್ ಪದ್ಯ. ಬದಿಯಡ್ಕ, ಪೆರ್ಲ ಕಡೆಯ ಮಕ್ಕಳು ಆ ಹೂ ಕಂಡವರಲ್ಲ. ನಾನೂ ಕಂಡಿಲ್ಲ. ನಮ್ಮ ಸ್ಟಾಫ್ ರೂಮಿನ ಸರ್ ಒಬ್ಬರು ಇಂಥ ಪದ್ಯಕ್ಕೆ ಯೂಟ್ಯೂಬಿನಿಂದ ಹಳದಿ ಹೂವಿನ ವಿಡಿಯೋ ಹಾಕಿ, ತಾವು ಮೂಲೆಯಲ್ಲಿ ಕೂತು ವಾಟ್ಸಾಪ್ ನೋಡ್ತಾರೆ. ಅವರ ಪ್ರಕಾರ ಸ್ಮಾರ್ಟ್ ಕ್ಲಾಸ್ ಅಂದ್ರೆ ಅಷ್ಟೇ.

ನಾನು ಮೊದಲು ಪ್ರೊಜೆಕ್ಟರಿನಲ್ಲಿ ಮ್ಯಾಪ್ ತೆರೆದೆ. ಕವಿ ಆ ಹೂಗಳನ್ನು ಕಂಡದ್ದು ಇಂಗ್ಲೆಂಡಿನ ಅಲ್ಸ್‌ವಾಟರ್ ಸರೋವರದ ದಡದಲ್ಲಿ, ಅದರ ಉದ್ದ ಸುಮಾರು 12 ಕಿಲೋಮೀಟರ್. ‘ಕುಂಬಳೆಯಿಂದ ಕಾಸರಗೋಡಿನಷ್ಟು’ ಅಂದ ಹಿಂದಿನ ಬೆಂಚಿನ ಹುಡುಗ. ಆಮೇಲೆ ಪರದೆಯನ್ನು ಎರಡು ಭಾಗ ಮಾಡಿದೆ. ಎಡಕ್ಕೆ ಪದ್ಯ. ಬಲಕ್ಕೆ ಕವಿಯ ತಂಗಿ ಡೊರೊತಿ 1802ರ ಏಪ್ರಿಲ್ 15ರಂದು ಬರೆದ ಡೈರಿ. ಅಣ್ಣ ತಂಗಿ ಜೋರು ಗಾಳಿಯಲ್ಲಿ ನಡೆದು ಬರುವಾಗ ಕಂಡ ಹೂಗಳು. ಕೆಲವು ಸುಸ್ತಾಗಿ ಪಾಚಿಗಲ್ಲಿನ ಮೇಲೆ ತಲೆಯಿಟ್ಟ ಹಾಗಿದ್ದವಂತೆ, ಉಳಿದವು ಕುಣಿಯುತ್ತಿದ್ದವಂತೆ. ಪದ್ಯ ಅಚ್ಚಾದದ್ದು 1807ರಲ್ಲಿ. ಅಲ್ಲಿ ಕವಿ ಮೋಡದ ಹಾಗೆ ಒಂಟಿಯಾಗಿ ಅಲೆಯುತ್ತಾನೆ.

ಆ ಹುಡುಗಿ ಎದ್ದು ಪರದೆಯ ಹತ್ತಿರವೇ ಬಂದಳು. ಅವಳ ಜಡೆಯ ನೆರಳು ಡೈರಿಯ ಮೇಲೆ ಬಿತ್ತು. ಇಲ್ಲಿಯೂ ಕುಣಿತ, ಅಲ್ಲಿಯೂ ಕುಣಿತ ಅಂತ ಬೆರಳಿಟ್ಟು ತೋರಿಸಿದಳು. ಆಗಲೇ ಆ ಪ್ರಶ್ನೆ. ತಂಗಿ ಎಲ್ಲಿ ಹೋದ್ಳು?

ಪದ್ಯದ ಕೊನೆಗೆ, ಒಂಟಿಯಾಗಿದ್ದಾಗ ಹೂಗಳು ಒಳಗಣ್ಣಿಗೆ ಹೊಳೆಯುತ್ತವೆ ಅನ್ನುವ ಎರಡು ಸಾಲು ಹೆಂಡತಿ ಮೇರಿಯದ್ದು, ಅದನ್ನು ಕವಿಯೇ ಹೇಳಿದ್ದಾನೆ ಅಂದೆ. ‘ಅಂದ್ರೆ ಒಂಟಿಯಾಗ್ಲಿಕ್ಕೆ ಮೂರು ಜನ ಬೇಕಾಯ್ತು!’ ಹಿಂದಿನ ಬೆಂಚೇ. ಕ್ಲಾಸಿಡೀ ನಗು.

ಅವನು ದೊಡ್ಡ ಕವಿ, ಸಂಶಯವಿಲ್ಲ. ಸುಮ್ನೆ ಮಲಗಿದ್ದಾಗ ಆ ಹೂಗಳು ಮತ್ತೆ ಕಣ್ಣಿಗೆ ಬರುವ ಸಂತೋಷ ಅವನೊಬ್ಬನದೇ ಇರಬಹುದು. ಆದರೂ ನನಗೆ ಸಿಟ್ಟು ಬಂತು. ನಮ್ಮ ಭಾವ ಒಬ್ಬನೇ ತೋಟ ಮಾಡಿದ ಅಂತ ಊರೆಲ್ಲ ಹೊಗಳುತ್ತದೆ. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದ ಅಕ್ಕನ ಸುದ್ದಿ ಯಾರೂ ಎತ್ತುವುದಿಲ್ಲ. ಅಕ್ಕ ಡೈರಿಯನ್ನೂ ಬರೆದಿಲ್ಲ. ಪರದೆಯ ಬಲಭಾಗಕ್ಕೆ ಏನು ಹಾಕುವುದು?

ಹೂವಿನ ವಿಡಿಯೋ ಹಾಕಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ. ನಮ್ಮ ಸರ್‌ಗೆ ಹೇಳಿದೆ. ‘ಡೈರಿಯೆಲ್ಲ ಪರೀಕ್ಷೆಗೆ ಬರುವುದಿಲ್ಲ, ಅಲ್ವಾ?’ ಅಂದರು.

ಬೆಲ್ ಆದ ಮೇಲೆ ಹುಡುಗಿಯೂ ಅದನ್ನೇ ಕೇಳಿದ್ದಳು. ಉತ್ತರದಲ್ಲಿ ಡೊರೊತಿಯ ಹೆಸರು ಬರೆದರೆ ಮಾರ್ಕು ಕಟ್ ಆಗ್ತದಾ ಅಂತ. ಬರಿ, ನಾನು ನೋಡ್ಕೊಳ್ತೇನೆ ಅಂದಿದ್ದೇನೆ. ಪೇಪರ್ ತಿದ್ದುವವರು ಯಾರೋ, ಆ ಸರ್ ಮಾತ್ರ ಆಗದಿದ್ದರೆ ಸಾಕು.