ಗಾಜಿನೊಳಗಿನ ತುಳಸಿ

ಕಳೆದ ಭಾನುವಾರ ಅಮ್ಮ ಊರಿನಿಂದ ವಿಡಿಯೊ ಕರೆ ಮಾಡಿ ತುಳಸಿಕಟ್ಟೆಯನ್ನು ತೋರಿಸುತ್ತಿದ್ದಾಗ, ಲಂಡನ್ನಿನಲ್ಲೇ ಹುಟ್ಟಿದ ನನ್ನ ಆರು ವರ್ಷದ ಮಗಳು, "ಅಜ್ಜಿ, ಪಾಪ, ಆ ಗಿಡಾನ ಯಾಕೆ ಹೊರಗೆ ನಿಲ್ಲಿಸಿದ್ದೀರಿ?" ಎಂದು ಕೇಳಿದಳು. ಅಮ್ಮ ನಕ್ಕರು, ನನಗೆ ನಗು ಬರಲಿಲ್ಲ. ಮಗಳು ಕಂಡಿರುವುದು ಕಿಟಕಿಯ ಬಳಿಯ ಕುಂಡದ ತುಳಸಿಯನ್ನು ಮಾತ್ರ, ಅದೂ ಎರಡು ಚಳಿಗಾಲಗಳಲ್ಲಿ ಎರಡು ಸಲ ಸತ್ತದ್ದನ್ನು.

ಪಕ್ಕದ ಮನೆಯ ವೃದ್ಧೆಯ ಹಜಾರದಲ್ಲಿ, ಅವರ ಅಜ್ಜಿಯ ಕಾಲದ್ದೆನ್ನುವ ಆಸ್ಪಿಡಿಸ್ಟ್ರಾ ಗಿಡವೊಂದಿದೆ. ಅರಿಸಿನದ ಎಲೆಯನ್ನು ಹೋಲುವ ಕಡುಹಸಿರು ಎಲೆಗಳನ್ನು ಬಿಟ್ಟರೆ ನೋಡುವುದಕ್ಕೆ ಅದರಲ್ಲಿ ಏನೂ ಇಲ್ಲ. ಆದರೆ ವಿಕ್ಟೋರಿಯಾ ರಾಣಿಯ ಕಾಲದ ಮಬ್ಬುಗತ್ತಲೆಯ ಕೋಣೆಗಳಲ್ಲಿ, ಗ್ಯಾಸ್ ದೀಪದ ಹೊಗೆಗೆ ಬೇರೆ ಗಿಡಗಳು ಬಾಡುತ್ತಿದ್ದಾಗ ಇದು ಜಗ್ಗದೆ ಉಳಿದದ್ದರಿಂದ, ಇಲ್ಲಿಯವರು ಇದನ್ನು ಎರಕದ ಕಬ್ಬಿಣದ ಗಿಡವೆಂದೇ ಕರೆದರು.

ಇದೇ ಪೂರ್ವ ಲಂಡನ್ನಿನ ವೆಲ್‌ಕ್ಲೋಸ್ ಚೌಕದಲ್ಲಿದ್ದ ವೈದ್ಯ ನಥಾನಿಯೆಲ್ ವಾರ್ಡ್ ಹಿತ್ತಿಲಲ್ಲಿ ನೆಟ್ಟ ಜರೀಗಿಡಗಳೆಲ್ಲ ಕಲ್ಲಿದ್ದಲ ಹೊಗೆಗೆ ಸತ್ತಿದ್ದವು. 1829ರಲ್ಲಿ ಅವನು ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಬಾಟಲಿಯಲ್ಲಿಟ್ಟು ಮುಚ್ಚಿದ್ದಾಗ, ಹೊರಗೆ ಬದುಕದ ಜರೀಗಿಡ ಅದರೊಳಗೆ ತಾನಾಗಿಯೇ ಮೊಳೆಯಿತು. ಹಗಲಲ್ಲಿ ಆವಿಯಾಗಿ ಮೇಲೇರಿದ ತೇವ ಗಾಜಿಗೆ ತಾಗಿ ನೀರಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಮುಚ್ಚಳ ತುಕ್ಕು ಹಿಡಿದು ಮಳೆನೀರು ನುಗ್ಗುವವರೆಗೆ, ಸುಮಾರು ನಾಲ್ಕು ವರ್ಷ ಅದು ಬಾಳಿತು. 1833ರಲ್ಲಿ ಅವನ ಗಾಜಿನ ಪೆಟ್ಟಿಗೆಗಳು ಗಿಡಗಳೊಡನೆ ಸಿಡ್ನಿಗೆ ಹೊರಟು, ಮುಂದಿನ ವರ್ಷ ಮರಳಿ ಬಂದವು. 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾದದ್ದೇ ತಡ, ಅಂಥ ಪೆಟ್ಟಿಗೆ ಸಿರಿವಂತರ ಹಜಾರದ ಅಲಂಕಾರವಾಯಿತು. ಚೀನಾದ ಚಹಾ ಸಸಿಗಳು ಹಿಮಾಲಯದ ತಪ್ಪಲಿಗೆ ಬಂದದ್ದೂ ಇಂಥ ಪೆಟ್ಟಿಗೆಗಳಲ್ಲಿಯೇ, ಅದೂ ಚೀನಾದ ಕಣ್ಣು ತಪ್ಪಿಸಿ.

ನಾನು ಬೆಳೆದ ಮನೆಯೊಳಗೆ ಒಂದೂ ಗಿಡವಿರಲಿಲ್ಲ. ದೇವರ ಮನೆಗೆ ದಾಸವಾಳ, ಬಾಗಿಲಿಗೆ ಮಾವಿನ ತೋರಣ ಬರುತ್ತಿದ್ದವು, ಗಿಡ ಮಾತ್ರ ಹಿತ್ತಿಲಿನದು. ಈಗ ಊರಿನ ನಮ್ಮ ಬೀದಿಯ ಹೊಸ ಮನೆಗಳವರು ಕಾರಿಗಾಗಿ ಅಂಗಳಕ್ಕೆಲ್ಲ ಸಿಮೆಂಟು ಬಳಿದು, ಹಜಾರದಲ್ಲಿ ಮನಿಪ್ಲಾಂಟ್ ಹಬ್ಬಿಸುತ್ತಿದ್ದಾರೆ. ಲಂಡನ್ನಿನವರಿಗೆ ಹೊಗೆಯ ನೆಪವಾದರೂ ಇತ್ತು.

ಈ ಸಲ ಮೂರನೆಯ ತುಳಸಿಯನ್ನು, ಮೀನು ಸತ್ತು ಖಾಲಿಯಾಗಿದ್ದ ಗಾಜಿನ ತೊಟ್ಟಿಯೊಳಗಿಟ್ಟು ಮುಚ್ಚಳವನ್ನು ಅರ್ಧ ಸರಿಸಿದ್ದೇನೆ. ಬೆಳಗ್ಗೆ ಗಾಜಿನ ಮೇಲೆ ಹನಿ ಕಟ್ಟಿರುತ್ತದೆ. ಮಗಳು ಅದರ ಮೇಲೆ ಬೆರಳಿನಿಂದ ಸೊಟ್ಟಸೊಟ್ಟಾಗಿ 'ಅ' ಬರೆದು, ಶಾಲೆಗೆ ಹೊರಡುತ್ತಾಳೆ.