ಎದ್ದು ಬರಬೇಡ ಅಂದಿದ್ದರು ಮಾವ

ನನ್ನ ಸೋದರಮಾವ ಹುಟ್ಟಿದ್ದು 1964ರಲ್ಲಿ, ಕಾರವಾರದ ಕೋಡಿಬಾಗದಲ್ಲಿ. ಅದೇ ವರ್ಷ ಇಸ್ರೇಲಿನಲ್ಲಿ ನಡೆದ ಏಷ್ಯನ್ ಕಪ್‌ ಫುಟ್‌ಬಾಲ್‌ನಲ್ಲಿ ಭಾರತ ದಕ್ಷಿಣ ಕೊರಿಯಾ ಮತ್ತು ಹಾಂಗ್‌ಕಾಂಗ್ ತಂಡಗಳನ್ನು ಸೋಲಿಸಿ ಎರಡನೇ ಸ್ಥಾನ ಪಡೆದಿತ್ತು. ಆಮೇಲೆ ಆ ಟೂರ್ನಿಯಲ್ಲಿ ನಮಗೆ ಒಂದೇ ಒಂದು ಗೆಲುವು ಸಿಕ್ಕಿರಲಿಲ್ಲ. 1984ರಲ್ಲಿ ಸಿಂಗಪುರದಲ್ಲಿ ಇರಾನ್ ಎದುರು ಒಂದು ಡ್ರಾ. 2011ರಲ್ಲಿ ದೋಹಾದಲ್ಲಿ ಮೂರಕ್ಕೆ ಮೂರೂ ಸೋಲು. "ನಾನು ತೊಟ್ಟಿಲಲ್ಲಿದ್ದಾಗ ಗೆದ್ದದ್ದು ಮಾರಾಯ, ಈಗ ನನ್ನ ತಲೆ ಬೆಳ್ಳಗಾಯ್ತು" ಎನ್ನುತ್ತಿದ್ದರು ಮಾವ.

ನನಗೆ ಫುಟ್‌ಬಾಲ್ ಹಚ್ಚಿದ್ದೇ ಅವರು. ಸಮುದ್ರ ಇಳಿದ ಹೊತ್ತಿಗೆ ಕಡಲ ತೀರದ ಮರಳು ಗಟ್ಟಿಯಾಗುತ್ತದಲ್ಲ, ಆಗ ಬರಿಗಾಲಲ್ಲಿ ಆಡಿಸುತ್ತಿದ್ದರು. ಮಾಲಾದೇವಿ ಮೈದಾನದಲ್ಲಿ ಪಂದ್ಯ ಇದ್ದರೆ ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಕಾಳಿ ಸೇತುವೆ ದಾಟಿದರೆ ಗೋವಾ ಗಡಿ ಹತ್ತಿರವೇ. ರೈಲು ಹಿಡಿದು ಮಡಗಾಂವಿಗೆ ಹೋಗಿ ಫತೋರ್ಡಾ ಸ್ಟೇಡಿಯಂನಲ್ಲಿ ಪಂದ್ಯ ನೋಡಿ ರಾತ್ರಿ ಮನೆ ಸೇರಿದ ದಿನಗಳೂ ಇವೆ. ಹಾಗಾಗಿ ಕ್ರಿಕೆಟ್ಟಿಗಿಂತ ಫುಟ್‌ಬಾಲ್ ಜಾಸ್ತಿ ಇಷ್ಟ ಅಂದರೆ ನಮ್ಮ ಕಡೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5-0 ಗೋಲಿನಿಂದ ಸೋಲಿಸಿತು. ಆದರೆ ನೋಡಲು ಬಂದವರು ಮೂರು ಸಾವಿರವೂ ಇರಲಿಲ್ಲ. ಮರುದಿನ ನಾಯಕ ಸುನಿಲ್ ಛೆಟ್ರಿ ಒಂದು ವಿಡಿಯೋ ಹಾಕಿದರು. ಬೈಯಿರಿ, ಟೀಕಿಸಿ, ಆದರೆ ಸ್ಟೇಡಿಯಂಗೆ ಬನ್ನಿ ಎಂದು ಕೈಮುಗಿದು ಕೇಳಿದರು. ಎರಡು ದಿನದ ಮೇಲೆ ಅವರ ನೂರನೇ ಪಂದ್ಯ, ಕೀನ್ಯಾ ವಿರುದ್ಧ, ಸ್ಟೇಡಿಯಂ ತುಂಬಿಹೋಯಿತು. ನಾನು ಮನೆಯ ಜಗಲಿಯಲ್ಲಿ ಕೂತು ಆ ವಿಡಿಯೋ ನೋಡಿದೆ. ನಮ್ಮ ದೇಶದ ನಾಯಕ ಹೀಗೆ ಕೇಳಬೇಕಾಯಿತಲ್ಲ ಎಂದು ಹೊಟ್ಟೆಯಲ್ಲಿ ಸಂಕಟವಾಯಿತು. ಜನವರಿಯಲ್ಲಿ ಯುಎಇಯಲ್ಲಿ ಏಷ್ಯನ್ ಕಪ್ ಇದೆ, ಹೋಗಿಯೇ ಹೋಗುತ್ತೇನೆ ಎಂದು ಅವತ್ತೇ ತೀರ್ಮಾನಿಸಿದೆ.

ದುಡ್ಡು ಕೂಡಿಸಲು ಆರು ತಿಂಗಳು ಬೇಕಾಯಿತು. ಕಾಲೇಜಿನಲ್ಲಿ ಜೊತೆಗಿದ್ದ ಭಟ್ಕಳದ ಗೆಳೆಯ ಶಾರ್ಜಾದಲ್ಲಿ ಕೆಲಸಕ್ಕಿದ್ದ. "ರೂಮಲ್ಲಿ ನಾವು ಐದು ಜನ ಇದ್ದೇವೆ, ಆರನೆಯವನಿಗೂ ಜಾಗ ಆಗ್ತದೆ, ಬಾ" ಎಂದ. ಅವನಿಲ್ಲದಿದ್ದರೆ ನನ್ನ ಕೈಯಲ್ಲಿ ಆಗುತ್ತಲೇ ಇರಲಿಲ್ಲ. ಆಗ ಅಲ್ಲಿನ ಒಂದು ದಿರ್ಹಮ್‌ಗೆ ಸುಮಾರು 19 ರೂಪಾಯಿ ಇತ್ತು. ಚಹಾ ಕುಡಿಯುವಾಗಲೂ ಮನಸ್ಸು ಗುಣಿಸುತ್ತಲೇ ಇರುತ್ತಿತ್ತು.

ಮಾವನನ್ನೂ ಕರೆದಿದ್ದೆ. ಅವರ ಮಂಡಿ ಹಳೇ ಪೆಟ್ಟಿನಿಂದ ಮಡಚುತ್ತಲೇ ಇರಲಿಲ್ಲ. "ನೀನು ಹೋಗು. ಟಿವಿಯಲ್ಲಿ ಕಾಣದ್ದನ್ನು ನೋಡಿಕೊಂಡು ಬಂದು ಹೇಳು. ಮತ್ತೆ ಒಂದು ಮಾತು, ಸೋತರೂ ಮಧ್ಯದಲ್ಲಿ ಎದ್ದು ಬರಬೇಡ" ಎಂದರು. ಅವರು ಆಡುತ್ತಿದ್ದ ಕಾಲದಲ್ಲಿ ಒಂದು ಫೈನಲ್‌ನಲ್ಲಿ ಎರಡು ಗೋಲು ಬಿದ್ದ ಕೂಡಲೇ ನಮ್ಮೂರಿನವರೆಲ್ಲ ಎದ್ದು ಹೋಗಿದ್ದರಂತೆ. ಮೂವತ್ತು ವರ್ಷ ಕಳೆದರೂ ಅವರಿಗೆ ಅದು ಮರೆತಿಲ್ಲ.

ಗೋವಾದ ದಾಬೋಲಿಂನಿಂದ ವಿಮಾನ. ಬ್ಯಾಗಿನಲ್ಲಿ ಎರಡು ನೀಲಿ ಜರ್ಸಿ, ಒಂದು ಧ್ವಜ, ಆಯಿ ಕಟ್ಟಿಕೊಟ್ಟ ಸೀಗಡಿ ಚಟ್ನಿ. ಸಂಕ್ರಾಂತಿ ಹತ್ತಿರ ಬಂತೆಂದು ಕುಸುರೆಳ್ಳಿನ ಪೊಟ್ಟಣವನ್ನೂ ಇಟ್ಟಿದ್ದಳು. ನಮ್ಮ ಕಡೆ ಬಾರಿಸುವ ಗುಮಟೆ ವಾದ್ಯ ಒಯ್ಯಬೇಕೆಂದು ನನಗೆ ಬಹಳ ಆಸೆಯಿತ್ತು. ಮಣ್ಣಿನದ್ದು, ದಾರಿಯಲ್ಲೇ ಒಡೆದುಹೋಗುತ್ತದೆ ಎಂದು ಬಿಟ್ಟೆ.

ಮೊದಲ ಪಂದ್ಯ ಜನವರಿ 6, ಅಬುಧಾಬಿಯ ಅಲ್ ನಹ್ಯಾನ್ ಸ್ಟೇಡಿಯಂ, ಎದುರಾಳಿ ಥಾಯ್ಲೆಂಡ್. ಶಾರ್ಜಾದಿಂದ ಎರಡು ತಾಸಿನ ದಾರಿ. ಭಾನುವಾರ ಆಗ ಅಲ್ಲಿ ಕೆಲಸದ ದಿನ. ಆದರೂ ಎಷ್ಟೊಂದು ಜನ ರಜೆ ಹಾಕಿ ಬಂದಿದ್ದರು! ಕೇರಳದವರೇ ಜಾಸ್ತಿ. ತಂಡದಲ್ಲಿ ಅನಸ್ ಮತ್ತು ಆಶಿಕ್ ಇಬ್ಬರೂ ಮಲಪ್ಪುರಂ ಕಡೆಯವರು, ಬರದೇ ಇರುತ್ತಾರಾ? ನನ್ನ ಬಲಕ್ಕೆ ಕೂತಿದ್ದವರು ಇಪ್ಪತ್ತು ವರ್ಷದಿಂದ ಅಲ್ಲೇ ಕ್ರೇನ್ ನಡೆಸುವವರು. ನಮ್ಮಿಬ್ಬರ ನಡುವೆ ಇದ್ದ ಭಾಷೆ ಹರಕು ಹಿಂದಿ ಮಾತ್ರ. ಅದೂ ಮೊದಲ ಗೋಲಿನ ತನಕ ಅಷ್ಟೇ. ಆಮೇಲೆ ಭಾಷೆ ಬೇಕಾಗಲೇ ಇಲ್ಲ.

27ನೇ ನಿಮಿಷಕ್ಕೆ ಛೆಟ್ರಿ ಪೆನಾಲ್ಟಿ ಹೊಡೆದರು. ಆರು ನಿಮಿಷದಲ್ಲಿ ಥಾಯ್ಲೆಂಡ್ ಸಮ ಮಾಡಿತು. ಮನಸ್ಸು ಕುಗ್ಗಿತು. ಯಾವಾಗಲೂ ಇಷ್ಟೇ ಅಲ್ವಾ ನಮ್ಮ ಕತೆ ಅನ್ನಿಸಿತು. ವಿರಾಮ ಮುಗಿದು ಇನ್ನೂ ಕೂತಿರಲಿಲ್ಲ, ಬಲಗಡೆಯಿಂದ ಉದಾಂತ ಸಿಂಗ್ ಚೆಂಡು ಒಳಗೆ ಕಳಿಸಿದರು, ಆಶಿಕ್ ಮೆಲ್ಲಗೆ ಮುಟ್ಟಿ ಬಿಟ್ಟರು, ಛೆಟ್ರಿ ಓಡಿಬಂದ ಕಾಲಲ್ಲೇ ಹೊಡೆದರು. ಅದು ಅವರ 67ನೇ ಅಂತರರಾಷ್ಟ್ರೀಯ ಗೋಲು. ಆಗ ಮೆಸ್ಸಿಯದ್ದು 65. ಕ್ರೇನಿನವರು ನನ್ನನ್ನು ಎತ್ತಿಯೇ ಬಿಟ್ಟರು. 68ನೇ ನಿಮಿಷಕ್ಕೆ ಅನಿರುದ್ಧ್ ಥಾಪಾ ಗೋಲಿಯ ತಲೆ ಮೇಲಿಂದ ನಾಜೂಕಾಗಿ ಎತ್ತಿ ಹಾಕಿದರು. 80ಕ್ಕೆ, ಆಗಷ್ಟೇ ಒಳಗೆ ಬಂದಿದ್ದ ಜೆಜೆ, ಚೆಂಡನ್ನು ಬಾಗಿಸಿ ಬಲೆಗೆ ಸೇರಿಸಿದರು. 4-1!

ಆಗ ನಾನು ಎದುರಿನ ಖಾಲಿ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿನ ಮೇಲೆ ಎರಡೂ ಅಂಗೈಯಿಂದ ಗುಮಟೆ ಪೆಟ್ಟು ಬಾರಿಸತೊಡಗಿದ್ದೆ. ಸುಗ್ಗಿಯಲ್ಲಿ ಹಾಲಕ್ಕಿ ಒಕ್ಕಲಿಗರು ಬಾರಿಸುವುದನ್ನು ಚಿಕ್ಕಂದಿನಿಂದ ಕೇಳಿದ್ದೇನಲ್ಲ, ಕೈ ತಾನಾಗಿಯೇ ಅದನ್ನೇ ಹಿಡಿಯಿತು. ಕ್ರೇನಿನವರೂ ಅದೇ ತಾಳ ಹಿಡಿದರು. ಹಿಂದಿನ ಸಾಲಿನವರೂ ಸೇರಿದರು. ಐವತ್ತೈದು ವರ್ಷದ ಮೇಲೆ ಬಂದ ಗೆಲುವು ಅದು. ಅಬುಧಾಬಿಯಲ್ಲಿ ನಮ್ಮೂರಿನ ಪೆಟ್ಟು ಕೇಳಿಸಿತು.

ಆಗ ಅಲ್ಲಿ ವಾಟ್ಸಾಪ್ ಕಾಲ್ ಹೋಗುತ್ತಿರಲಿಲ್ಲ. ಹಾಗಾಗಿ ಮಾವ ವಾಯ್ಸ್ ಮೆಸೇಜ್ ಕಳಿಸಿದ್ದರು. ಎರಡು ನಿಮಿಷದ್ದು. ಮೊದಲ ಅರ್ಧ ಬರೀ ಉಸಿರು, ಮೂಗು ಸೀಟುವ ಸದ್ದು. ಕೊನೆಗೆ "ಆಯ್ತು ಮಾರಾಯ, ಆಯ್ತು" ಎಂದಷ್ಟೇ ಇತ್ತು. ಅದನ್ನು ಅಳಿಸದೇ ಇಟ್ಟುಕೊಂಡಿದ್ದೇನೆ.

ಯುಎಇ ವಿರುದ್ಧದ ಪಂದ್ಯ 10ಕ್ಕೆ, ಝಾಯೆದ್ ಸ್ಪೋರ್ಟ್ಸ್ ಸಿಟಿಯಲ್ಲಿ. 43 ಸಾವಿರಕ್ಕೂ ಜಾಸ್ತಿ ಜನ. 0-2 ಸೋತೆವು. ಆದರೆ ಅದು ಸೋಲುವ ಆಟವಾಗಿರಲಿಲ್ಲ. ಉದಾಂತ ಹೊಡೆದದ್ದು ಕ್ರಾಸ್‌ಬಾರಿಗೆ ಬಡಿಯಿತು, ಕೊನೆಗೆ ಝಿಂಗನ್ ತಲೆ ಕೊಟ್ಟದ್ದೂ ಕ್ರಾಸ್‌ಬಾರಿಗೇ ಬಡಿಯಿತು.

ಉಳಿದದ್ದು ಬಹ್ರೇನ್ ಪಂದ್ಯ, ಜನವರಿ 14, ಶಾರ್ಜಾ. ಡ್ರಾ ಆದರೂ ಸಾಕು, ನಾಕೌಟ್‌ಗೆ ಹೋಗುತ್ತೇವೆ ಎಂದು ರೂಮಿನವರೆಲ್ಲ ಲೆಕ್ಕ ಹಾಕಿದ್ದರು. ಗೇಟಿನ ಹತ್ತಿರ ಆಯಿ ಕೊಟ್ಟ ಕುಸುರೆಳ್ಳು ಹಂಚಿದೆ. ಯಾರು ಯಾವ ಊರು ಎಂದು ಕೇಳಲಿಲ್ಲ, ಕೈ ಚಾಚಿದವರಿಗೆಲ್ಲ ಕೊಟ್ಟೆ. ಧ್ವಜದ ಕೋಲನ್ನು ಒಳಗೆ ಬಿಡಲಿಲ್ಲ. ಬಟ್ಟೆಯನ್ನು ಮಾತ್ರ ಹೆಗಲಿಗೆ ಸುತ್ತಿಕೊಂಡೆ.

ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ, ಅನಸ್ ಗಾಯವಾಗಿ ಹೊರಗೆ ಹೋದರು. ಆಮೇಲೆ ನಮ್ಮವರು ಆಡಿದ್ದು ಬರೀ ತಡೆಯುವ ಆಟ. ಬಹ್ರೇನ್ ಮೇಲಿಂದ ಮೇಲೆ ಬಂತು. ಗುರುಪ್ರೀತ್ ಸಂಧು ಗೋಲಿನಲ್ಲಿ ಹಾರಿ ಹಾರಿ ಉಳಿಸಿದರು. ಹೀಗೆ ಹಿಂದೆ ಹಿಂದೆ ಸರಿದು ನಿಲ್ಲಬಾರದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಥಾಯ್ಲೆಂಡ್ ಎದುರು ಮುಂದೆ ನುಗ್ಗಿ ಆಡಿದ ಹುಡುಗರೇ ಇವರು. ಆದರೆ ಒಂದು ಪಾಯಿಂಟು ಕೈಯಲ್ಲಿದ್ದಾಗ ಅದನ್ನು ಅಪ್ಪಿ ಹಿಡಿಯುವುದು ಮನುಷ್ಯ ಸ್ವಭಾವ. ಸ್ಟ್ಯಾಂಡಿನಲ್ಲಿ ನಾವೂ ಅದನ್ನೇ ಮಾಡುತ್ತಿದ್ದೆವು. ಯಾರೂ ಗೋಲು ಕೇಳುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದೆವು.

ಅದೇ ಹೊತ್ತಿಗೆ ಅಲ್ ಐನ್‌ನಲ್ಲಿ ಯುಎಇ-ಥಾಯ್ಲೆಂಡ್ ಪಂದ್ಯ. ಮೊಬೈಲಿನಲ್ಲಿ ಅದನ್ನೂ ನೋಡುತ್ತಿದ್ದೆವು. 1-1. ಅಲ್ಲಿ ಹಾಗೇ ಉಳಿದು ಇಲ್ಲಿ ಡ್ರಾ ಆದರೆ ನಾವು ಗುಂಪಿನಲ್ಲಿ ಎರಡನೆಯವರು. 85 ಆಯಿತು, 88 ಆಯಿತು. ಗೆಳೆಯ ನನ್ನ ಮಣಿಕಟ್ಟು ಎಷ್ಟು ಗಟ್ಟಿ ಹಿಡಿದಿದ್ದನೆಂದರೆ ಮರುದಿನವೂ ಗುರುತಿತ್ತು. 90 ಮುಗಿಯಿತು. ಆಗ ನಮ್ಮ ಪೆನಾಲ್ಟಿ ಬಾಕ್ಸಿನೊಳಗೆ ಒಂದು ಕಾಲು ತಡವಾಗಿ ಹೋಯಿತು. ಬಹ್ರೇನ್ ಆಟಗಾರ ಬಿದ್ದ. ಸೀಟಿ ಊದಿತು.

ಜಮಾಲ್ ರಾಶಿದ್ ಪೆನಾಲ್ಟಿಗೆ ಬಂದರು. ನಾನು ಕಣ್ಣು ಮುಚ್ಚಲಿಲ್ಲ. ಮಾವ ನೋಡಿಕೊಂಡು ಬಾ ಅಂದಿದ್ದರು. ಚೆಂಡು ಬಲೆ ಸೇರಿದಾಗ ಎದುರಿನ ಸ್ಟ್ಯಾಂಡಿನಿಂದ ಕೆಂಪು ಬಣ್ಣದ ಕೂಗು ಎದ್ದಿತು. ನಮ್ಮ ಕಡೆ ಸದ್ದೇ ಇಲ್ಲ. ಸಾವಿನ ಮನೆಯಲ್ಲೂ ಅಷ್ಟು ಮೌನ ಇರುವುದಿಲ್ಲ. ಪಂದ್ಯ ಮುಗಿದಾಗ ನಮ್ಮ ಹುಡುಗರು ಹುಲ್ಲಿನ ಮೇಲೆ ಕುಸಿದರು. ಗುಂಪಿನಲ್ಲಿ ಎರಡನೆಯವರಾಗಬೇಕಿದ್ದವರು ನಾಲ್ಕನೆಯವರಾಗಿದ್ದರು.

ಕೆಲವರು ಎದ್ದು ಮೆಟ್ಟಿಲ ಕಡೆ ನಡೆದರು. ಗೆಳೆಯನಿಗೆ ಬೆಳಿಗ್ಗೆ ಐದಕ್ಕೆ ಡ್ಯೂಟಿ ಇತ್ತು. "ಹೋಗುವಾ" ಎಂದ. "ಸ್ವಲ್ಪ ನಿಲ್ಲು" ಎಂದೆ. ಯಾಕೆ ಎಂದು ಕೇಳಲಿಲ್ಲ, ಕೂತ. ನಾನು ಕುರ್ಚಿಯ ಬೆನ್ನಿಗೆ ಮೆಲ್ಲಗೆ ಅದೇ ಪೆಟ್ಟು ಹಾಕಿದೆ. ಕೈ ನಡುಗುತ್ತಿತ್ತು, ತಾಳ ತಪ್ಪುತ್ತಿತ್ತು. ಆಚೀಚೆ ಕೂತಿದ್ದ ಕೆಲವರು ಚಪ್ಪಾಳೆ ಜೋಡಿಸಿದರು. ಆಟಗಾರರೆಲ್ಲ ಒಳಗೆ ಹೋಗುವ ತನಕ ನಾವು ನಿಂತು ಚಪ್ಪಾಳೆ ಹೊಡೆದೆವು. ಅಳುತ್ತಲೇ ಹೊಡೆದೆವು. ಅಷ್ಟು ಸಣ್ಣ ಸದ್ದು ಅವರಿಗೆ ಕೇಳಿಸಿರಲಿಕ್ಕಿಲ್ಲ.

ಊರಿಗೆ ಬಂದ ಮೊದಲ ಸಂಜೆ ಮಾವನ ಜೊತೆ ಕಡಲ ತೀರಕ್ಕೆ ಹೋದೆ. ನೀರು ಇಳಿದಿತ್ತು. ಹುಡುಗರು ಎರಡು ಚಪ್ಪಲಿ ಇಟ್ಟು ಗೋಲು ಮಾಡಿಕೊಂಡು ಆಡುತ್ತಿದ್ದರು. ಮಾವ ಕಾಲು ಚಾಚಿ ಮರಳಿನ ಮೇಲೆ ಕೂತು ಎಲ್ಲ ಕೇಳಿದರು. ಕ್ರಾಸ್‌ಬಾರಿಗೆ ಚೆಂಡು ಬಡಿದ ಸದ್ದು ಮೇಲಿನ ಸಾಲಿಗೂ ಕೇಳಿಸುತ್ತಾ? ಪೆನಾಲ್ಟಿಗೆ ಮೊದಲು ಗುರುಪ್ರೀತ್ ಎಂತ ಮಾಡಿದ? ಹುಲ್ಲು ಹೇಗಿತ್ತು? ಹೇಳುತ್ತಾ ಹೋದೆ.

ಕೊನೆಗೆ ಮಂಡಿ ಉಜ್ಜಿಕೊಳ್ಳುತ್ತಾ ಕೇಳಿದರು.

"ಅವತ್ತು ಶಾರ್ಜಾದಲ್ಲಿ... ಎದ್ದು ಬಂದ್ಯಾ?"

"ಇಲ್ಲ ಮಾವಾ. ಅವರು ಒಳಗೆ ಹೋದ ಮೇಲೇ ಬಂದದ್ದು."

ಸ್ವಲ್ಪ ಹೊತ್ತು ಹುಡುಗರ ಆಟ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಆ ನಾಲ್ಕನೇ ಗೋಲು, ಜೆಜೆದು, ಇನ್ನೊಂದು ಸಲ ಹೇಳು."