ಎಸ್ಟೇಟ್ ಆಫೀಸಿಗೆ ಹೊಸ ಟ್ಯಾಬ್: ನಂಬರ್ ಮೊದಲು ಎಣಿಸಿ, ಆಮೇಲೆ ಸಾಗಿಸಿ

ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆಯ ಕಾಫಿ ಎಸ್ಟೇಟ್ ಆಫೀಸುಗಳಿಗೆ ಟ್ಯಾಬ್ ಸಜ್ಜು ಮಾಡಿಕೊಡುವ ಕೆಲಸದಲ್ಲಿ ಟ್ಯಾಬ್ ಕಾಟ ಕೊಡುವುದು ಅಪರೂಪ. ಕಾಟವೆಲ್ಲ ನಂಬರ್‌ಗಳದ್ದು. ರೈಟರ (ತೋಟದ ಲೆಕ್ಕ ಬರೆಯುವವರ) ಫೋನಿನಲ್ಲಿ ಮೇಸ್ತ್ರಿಗಳು, ಲಾರಿಯವರು, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ರಿಪೇರಿಯವರು, ಕ್ಯೂರಿಂಗ್ ವರ್ಕ್ಸ್, ಲೈನ್‌ಮ್ಯಾನ್ ಎಂದು ಹತ್ತಾರು ವರ್ಷದ ನಂಬರ್ ತುಂಬಿರುತ್ತವೆ. 'ಎಲ್ಲಾ ಬಂತು' ಎಂದು ಟ್ಯಾಬ್ ಕೈಗಿಟ್ಟು ಬಂದರೆ, ಅರ್ಧ ಬಂದಿಲ್ಲ ಎನ್ನುವುದು ಗೊತ್ತಾಗುವುದು ಕೊಯ್ಲಿನ ಮಧ್ಯೆ, ಲಾರಿ ಬೇಕಾದ ದಿನ.

ಫೋನ್ ತೆರೆದರೆ ಕಾಣುವುದು ಒಂದೇ ಪಟ್ಟಿ. ಆದರೆ ಆ ನಂಬರ್‌ಗಳು ಕೂತಿರುವುದು ಮೂರು ಕಡೆ: ಗೂಗಲ್ ಖಾತೆ, ಫೋನಿನ ಸ್ವಂತ ಮೆಮೊರಿ, ಸಿಮ್. ಟ್ಯಾಬ್‌ನಲ್ಲಿ ಜಿಮೇಲ್ ಹಾಕಿದ ಕೂಡಲೇ ಬರುವುದು ಗೂಗಲ್ ಖಾತೆಯದ್ದು ಮಾತ್ರ. ಹಾಗಾಗಿ ಹೊಸ ಪೆಟ್ಟಿಗೆ ಬಿಚ್ಚುವ ಮೊದಲು ಹಳೆ ಫೋನಿನ ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಒಂದೊಂದೇ ಜಾಗವನ್ನು ಆರಿಸಿ ಎಣಿಕೆ ಬರೆದುಕೊಳ್ಳಬೇಕು. ಉದಾಹರಣೆಗೆ ಒಟ್ಟು 1,140 ತೋರಿಸಿದರೆ ಗೂಗಲ್ 612, ಫೋನ್ 391, ಸಿಮ್ 137 ಎಂದು ಬಿಡಿಸಿಕೊಳ್ಳಿ. ಒಂದು ಚೀಟಿ ಸಾಕು. ಈ ಚೀಟಿ ಇಲ್ಲದೆ ಕೆಲಸ ಮುಗಿಯಿತೋ ಇಲ್ಲವೋ ಹೇಳುವುದಕ್ಕೆ ಬೇರೆ ದಾರಿಯೇ ಇಲ್ಲ.

ಫೋನಿನಲ್ಲಿರುವುದನ್ನು ಗೂಗಲ್ ಖಾತೆಗೆ ಏರಿಸುವುದು ಸುಲಭ. ಗೂಗಲ್ ಕಾಂಟ್ಯಾಕ್ಟ್ಸ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಕಾಂಟ್ಯಾಕ್ಟ್ಸ್ ಅನ್ನೂ ಸಿಂಕ್ ಮಾಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಸ್ಯಾಮ್‌ಸಂಗ್ ಆದರೆ ಅದರದ್ದೇ ಕಾಂಟ್ಯಾಕ್ಟ್ಸ್ ಆ್ಯಪ್‌ನ ಮ್ಯಾನೇಜ್ ಕಾಂಟ್ಯಾಕ್ಟ್ಸ್ ಒಳಗೆ ಮೂವ್ ಎಂದಿರುತ್ತದೆ. ಸಿಮ್‌ನಲ್ಲಿರುವುದನ್ನು ಇಂಪೋರ್ಟ್ ಫ್ರಂ ಸಿಮ್ ಕೊಟ್ಟು ತರಬೇಕು. ಆಗ ಎಲ್ಲಿಗೆ ಎಂದು ಕೇಳುತ್ತದೆ; ಅವಸರದಲ್ಲಿ ಮತ್ತೆ ಫೋನ್ ಎಂದು ಒತ್ತಿದರೆ ಬಾವಿಯಿಂದ ತೆಗೆದ ನೀರು ಬಾವಿಗೇ ಸುರಿದ ಹಾಗೆ.

ಉಲ್ಟಾ ದಿಕ್ಕಿನಲ್ಲಿ, ಅಂದರೆ ಎಲ್ಲವನ್ನೂ ಸಿಮ್‌ಗೆ ತುಂಬಿ ಟ್ಯಾಬ್‌ಗೆ ಹಾಕುವ ಹಳೇ ಪದ್ಧತಿಯನ್ನು ಬಿಟ್ಟುಬಿಡಿ. ಸಿಮ್‌ನಲ್ಲಿ ಸಾಮಾನ್ಯವಾಗಿ 250 ನಂಬರ್‌ಗೆ ಜಾಗ. ಇಂಗ್ಲಿಷ್ ಹೆಸರು ಹೆಚ್ಚುಕಡಿಮೆ 14 ಅಕ್ಷರಕ್ಕೆ ತುಂಡಾಗುತ್ತದೆ, ಕನ್ನಡದ ಹೆಸರು ಅದಕ್ಕೂ ಮೊದಲೇ. 'ಮಂಜಣ್ಣ ಆಲ್ದೂರು ಜೆಸಿಬಿ', 'ಮಂಜಣ್ಣ ಆಲ್ದೂರು ಲಾರಿ' ಇಬ್ಬರೂ ಬರೀ 'ಮಂಜಣ್ಣ' ಆಗಿ ಕೂರುತ್ತಾರೆ. ಒಬ್ಬರಿಗೆ ಎರಡು ನಂಬರ್ ಇದ್ದರೆ ಅದೂ ಬೇರೆ ಬೇರೆ ಹೆಸರಾಗಿ ಒಡೆಯುತ್ತದೆ. ಕೀಪ್ಯಾಡ್ ಫೋನಿನಿಂದ ತರಬೇಕಾದಾಗ ಮಾತ್ರ ಸಿಮ್ ದಾರಿ ಅನಿವಾರ್ಯ. ಆಗಲೂ ಬ್ಲೂಟೂತ್‌ನಲ್ಲಿ ಕಳಿಸಲು ಬರುತ್ತದೆಯೇ ಎಂದು ಮೊದಲು ನೋಡಿ.

ಇನ್ನು ಫೈಲ್ ದಾರಿ. ಗೂಗಲ್ ಕಾಂಟ್ಯಾಕ್ಟ್ಸ್ ಆ್ಯಪ್‌ನ ಆರ್ಗನೈಜ್ ಎಂಬಲ್ಲಿ ಎಕ್ಸ್‌ಪೋರ್ಟ್ ಟು ಫೈಲ್ ಒತ್ತಿದರೆ ಎಲ್ಲ ಹೆಸರು, ನಂಬರ್ ಒಟ್ಟಿಗಿರುವ ವಿಸಿಎಫ್ ಫೈಲ್ ಸಿಗುತ್ತದೆ. ಫೋಟೊ ಇಲ್ಲದಿದ್ದರೆ ಸಾವಿರ ಹೆಸರಿನ ಫೈಲ್ ಕೆಲವು ನೂರು ಕೆಬಿ ಮಾತ್ರ, ಬ್ಲೂಟೂತ್‌ನಲ್ಲೇ ಹೋಗುತ್ತದೆ. ನೆಟ್‌ವರ್ಕ್‌ಗೆ ಜಗಲಿಯ ಒಂದು ಮೂಲೆ ಹುಡುಕಬೇಕಾದ ತೋಟಗಳಲ್ಲಿ ಇದೇ ಒಳ್ಳೆಯದು. ಟ್ಯಾಬ್‌ಗೆ ಬಂದ ಫೈಲನ್ನು ಒತ್ತಿ, ಗೂಗಲ್ ಖಾತೆ ಆರಿಸಿ ಇಂಪೋರ್ಟ್ ಮಾಡಬೇಕು. ಎರಡು ಸಲ ಒತ್ತಿದರೆ ಎರಡು ಪ್ರತಿ ಬರುತ್ತದೆ, ಆಮೇಲೆ ಮರ್ಜ್ ಆಂಡ್ ಫಿಕ್ಸ್‌ನಲ್ಲಿ ಕೂಡಿಸಬೇಕು.

ಈ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದವರಿಗೆ ಗಾಬರಿ. ಹಳೆಯ 2.1 ಮಾದರಿಯ ವಿಸಿಎಫ್‌ನಲ್ಲಿ ಕನ್ನಡದ 'ಕ' ಎನ್ನುವುದು =E0=B2=95 ಎಂದು ಕಾಣುತ್ತದೆ. ಹಾಳಾಗಿಲ್ಲ, ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಪದ್ಧತಿ) 'ಕ'ದಂಥ ಒಂದು ಬಿಡಿ ಕನ್ನಡ ಅಕ್ಷರಕ್ಕೆ ಮೂರು ಬೈಟ್ ಬೇಕು, ಅದನ್ನೇ ಬಿಡಿಬಿಡಿಯಾಗಿ ಬರೆದಿದೆ. ಕೈ ಹಾಕದೆ ಇಂಪೋರ್ಟ್ ಮಾಡಿದರೆ ಸರಿಯಾದ ಹೆಸರೇ ಬರುತ್ತದೆ.

ನಿಜವಾಗಿ ಹಾಳಾಗುವುದು ಎಕ್ಸೆಲ್‌ನಲ್ಲಿ. 'ಪಟ್ಟಿ ಒಂದ್ಸಲ ನೀಟ್ ಮಾಡ್ಕೊಡ್ತೀನಿ' ಎಂದು ಯಾರೋ ಸಿಎಸ್‌ವಿ ಫೈಲನ್ನು (ಅದೇ ಪಟ್ಟಿಯನ್ನು ಕಾಮಾ ಹಾಕಿ ಬರೆದ ರೂಪ) ನೇರ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುತ್ತಾರೆ. 91 ಸೇರಿ 12 ಅಂಕಿ ಇರುವ ನಂಬರನ್ನು ಅದು 9.19E+11 ಎಂದು ಚಿಕ್ಕದು ಮಾಡಿ ತೋರಿಸುತ್ತದೆ. ಸಿಎಸ್‌ವಿಯಲ್ಲಿ ಉಳಿಯುವುದು ತೋರಿಸಿದ ರೂಪವೇ, ಆದ್ದರಿಂದ ಸೇವ್ ಆದ ಮೇಲೆ ನಂಬರ್ ಹೋಯಿತು ಎಂದೇ ಲೆಕ್ಕ. ಲ್ಯಾಂಡ್‌ಲೈನ್‌ದು ಇನ್ನೂ ಕಪಟ. ಚಿಕ್ಕಮಗಳೂರಿನ 08262, ಹಾಸನದ 08172 ಇವುಗಳ ಮುಂದಿನ ಸೊನ್ನೆಯನ್ನು ಎಕ್ಸೆಲ್ ನುಂಗುತ್ತದೆ. ನಡುವೆ ಗೆರೆಯೋ ಖಾಲಿ ಜಾಗವೋ ಇಲ್ಲದಿದ್ದರೆ 11 ಅಂಕಿಯದ್ದು 10 ಅಂಕಿಯಾಗಿ, 8ರಿಂದ ಶುರುವಾಗಿ, ಥೇಟ್ ಮೊಬೈಲ್ ನಂಬರಿನ ಹಾಗೆ ಕಾಣುತ್ತದೆ. ಪಟ್ಟಿ ಓದಿದವರ ಕಣ್ಣಿಗೆ ತಪ್ಪು ಬೀಳುವುದೇ ಇಲ್ಲ. ತಿದ್ದಲೇಬೇಕಿದ್ದರೆ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು ಅಲ್ಲೇ ತಿದ್ದಿ.

ಟ್ಯಾಬ್ ಸಜ್ಜಿಗೆ ಹೆಚ್ಚು ಮಾತು ಬೇಡ. ಅರ್ಧಕ್ಕಿಂತ ಹೆಚ್ಚು ಚಾರ್ಜ್ ಮಾಡಿ, ಮಳೆಗಾಲದಲ್ಲಿ ಕರೆಂಟು ನಂಬುವಂತಿಲ್ಲ. ವೈಫೈ ಇದ್ದರೂ ಲಾಗಿನ್ ಆಗದಿದ್ದರೆ ದಿನಾಂಕ ನೋಡಿ. ಬಹಳ ದಿನ ಪೆಟ್ಟಿಗೆಯಲ್ಲೇ ಇದ್ದ ಟ್ಯಾಬ್ ಹಳೇ ವರ್ಷ ತೋರಿಸುತ್ತಿದ್ದರೆ ಸರ್ವರಿನ ಸರ್ಟಿಫಿಕೇಟ್ ಹೊಂದದೆ ಸಂಪರ್ಕ ಸಿಗುವುದಿಲ್ಲ. ಹಾಟ್‌ಸ್ಪಾಟ್‌ನಲ್ಲಿ ಮಾಡುವಾಗ 'ಕಾಪಿ ಆ್ಯಪ್ಸ್ ಆಂಡ್ ಡೇಟಾ' ಬಿಟ್ಟು ಮುಂದೆ ಹೋಗಿ, ಇಲ್ಲದಿದ್ದರೆ ದಿನದ ಡೇಟಾವೆಲ್ಲ ಆ್ಯಪ್‌ಗಳಿಗೇ ಹೋಗುತ್ತದೆ. ಹಳೆ ಫೋನ್ ಪಕ್ಕದಲ್ಲೇ ಇರಲಿ, 'ಇದು ನೀವೇನಾ' ಎಂಬ ಪ್ರಶ್ನೆ ಬರುವುದು ಅದಕ್ಕೆ.

ಯಾವ ಖಾತೆ ಹಾಕುವುದು ಎಂಬುದು ಮಾತ್ರ ಯೋಚಿಸುವ ವಿಷಯ. ಸಾಹುಕಾರರ (ತೋಟದ ಮಾಲೀಕರ) ಸ್ವಂತ ಜಿಮೇಲ್ ಹಾಕಿದರೆ ಅವರ ಮೇಲ್, ಫೋಟೊ ಎಲ್ಲ ಆಫೀಸಿನ ಮೇಜಿನ ಮೇಲೆ ತೆರೆದಿಟ್ಟ ಹಾಗೆ. ರೈಟರದ್ದು ಹಾಕಿದರೆ ಅವರು ಕೆಲಸ ಬಿಟ್ಟ ದಿನ ನಂಬರೂ ಅವರ ಜೊತೆಗೇ. ತೋಟದ ಹೆಸರಿನಲ್ಲೇ ಒಂದು ಖಾತೆ ಮಾಡಿ, ಅದರ ರಿಕವರಿ ನಂಬರ್ ಸಾಹುಕಾರರದ್ದು ಇರಲಿ. ಹೊಸ ನಂಬರ್ ಉಳಿಸುವ ಜಾಗವಾಗಿ ಆ ಖಾತೆಯನ್ನೇ ಡಿಫಾಲ್ಟ್ ಮಾಡಿಡಿ, ಇಲ್ಲದಿದ್ದರೆ ಆರು ತಿಂಗಳಲ್ಲಿ ಇದೇ ರಗಳೆ ಮತ್ತೆ.

ವೈಫೈ ಮಾತ್ರ ಇರುವ ಟ್ಯಾಬ್‌ನಿಂದ ಸಿಮ್ ಕರೆ ಹೋಗುವುದಿಲ್ಲ, ಯುಪಿಐ ನಡೆಯುವುದಿಲ್ಲ. ಕೊಳ್ಳುವ ಮೊದಲೇ ಹೇಳಿಬಿಡಿ. ವಾಟ್ಸಾಪ್ ಬೇಕೆಂದರೆ ಫೋನಿನ ಲಿಂಕ್ಡ್ ಡಿವೈಸಸ್‌ನಿಂದ ಕ್ಯೂಆರ್ ಸ್ಕ್ಯಾನ್ ಮಾಡಿ ಜೋಡಿಸಬಹುದು, ನಾಲ್ಕು ಸಾಧನದವರೆಗೆ. ಮುಖ್ಯ ಫೋನ್ 14 ದಿನಕ್ಕಿಂತ ಹೆಚ್ಚು ಬಳಸದೆ ಬಿಟ್ಟರೆ ಜೋಡಣೆ ಕಳಚುತ್ತದೆ.

ಎಣಿಕೆ ಚೀಟಿಯ ಜೊತೆ ತಾಳೆಯಾಯಿತು ಎಂದು ಹಳೆ ಫೋನಿನಿಂದ ಹೆಸರು ಅಳಿಸಲು ಹೋಗಬೇಡಿ. ಅದೇ ಖಾತೆ ಅಲ್ಲಿ ಇದ್ದರೆ ಅಲ್ಲಿ ಅಳಿಸಿದ್ದು ಟ್ಯಾಬ್‌ನಲ್ಲೂ ಅಳಿಯುತ್ತದೆ. ಹೆಸರು ಅಳಿಸಬೇಡಿ, ಹಳೆ ಫೋನಿನಿಂದ ಖಾತೆಯನ್ನೇ ತೆಗೆಯಿರಿ. ಅಳಿಸಿಯೇ ಬಿಟ್ಟಿದ್ದರೆ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ.

ಕೊನೆಗೆ ಟ್ಯಾಬ್‌ಗೆ ಬಂದ ನಂಬರ್ ನೋಡಿಕೊಂಡು (ವೈಫೈ ಟ್ಯಾಬ್ ಆದರೆ ಫೋನಿನಿಂದ) ಮೂರು ಕರೆ ಮಾಡಿ ನೋಡಿ: ಕನ್ನಡದಲ್ಲಿ ಉಳಿಸಿದ ಒಂದು ಹೆಸರಿಗೆ, ಎರಡು ನಂಬರ್ ಇರುವ ಒಬ್ಬರ ಎರಡನೇ ನಂಬರಿಗೆ, 08262ರ ಒಂದು ಲ್ಯಾಂಡ್‌ಲೈನಿಗೆ. ವಿಸಿಎಫ್ ಫೈಲಿನ ಹೆಸರಿನಲ್ಲಿ ಆವತ್ತಿನ ತಾರೀಖು ಸೇರಿಸಿ, ಪೆನ್‌ಡ್ರೈವ್‌ಗೆ ಹಾಕಿ, ಬಟವಾಡೆ ಪುಸ್ತಕ ಇಡುವ ಬೀರುವಿನಲ್ಲೇ ಇಟ್ಟು ಬನ್ನಿ.